ಸರದಾರನ ಹೆಣ್ಣುಮಕ್ಕಳ ಹಾಲು

ಬೈಲಹೊಂಗಲದಲ್ಲಿ ನಾನು ಬಸ್ಸಿಳಿದ ದಿನ ನನ್ನನ್ನು ಕರೆದೊಯ್ಯಲು ಬಂದಿದ್ದ ಟೆಂಪೋದಲ್ಲಿ ಆಗಲೇ ಒಂದು ಹೋತ ನಿಂತಿತ್ತು. ಹೋತ ಎಂದರೆ ಗಂಡು ಆಡು. ಬಿಳಿ ಮೈ, ಎದೆಯವರೆಗೆ ಇಳಿಬಿದ್ದ ಗಡ್ಡ, ಯಾರಿಗೂ ಸೊಪ್ಪು ಹಾಕದ ಹಳದಿ ಕಣ್ಣು. ಡ್ರೈವರನ ಪಕ್ಕದಲ್ಲಿ ಅದನ್ನು ಪುಣೆ ಕಡೆಯ ಒಂದು ಫಾರ್ಮಿನಿಂದ ತಂದವರಿಬ್ಬರು ಕೂತಿದ್ದರು. ಹಾಗಾಗಿ ನಾನು, ನನ್ನ ಟ್ರಂಕು ಮತ್ತು ಹೋತ ಹಿಂದೆ. ಹೋತದ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವಿವರಿಸಿ ಹೇಳಲಾರೆ, ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮುರಗೋಡದ ದಾರಿಯಲ್ಲಿ ಕಪ್ಪು ಹೊಲಗಳು ಆಕಾಶದ ತುದಿಯವರೆಗೆ ಬೋಳಾಗಿ ಬಿದ್ದಿದ್ದವು. ಒಂದು ತೆಂಗಿನ ಮರವಾದರೂ ಕಂಡೀತೆಂದು ಕತ್ತು ಹೊರಳಿಸಿ ನೋಡುತ್ತ ಹೋದೆ. ಅಷ್ಟರಲ್ಲಿ ಹೋತ ನನ್ನ ಸೆರಗಿನ ತುದಿಯನ್ನು ತಿಂದು ಮುಗಿಸಿತ್ತು.

ತೋಟದ ಬಾಗಿಲಲ್ಲಿ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಆರತಿ ತಟ್ಟೆ ಹಿಡಿದು ನಿಂತಿದ್ದರು. ಪರವಾಗಿಲ್ಲವೇ, ಈ ಕಡೆಯವರು ಕೆಲಸಕ್ಕೆ ಬಂದವರನ್ನೂ ಹೀಗೆ ಬರಮಾಡಿಕೊಳ್ಳುತ್ತಾರಲ್ಲ ಎಂದು ಕೂದಲು ಸರಿಮಾಡಿಕೊಂಡು ಮುಂದೆ ಬಂದೆ. ಅವರು ನನ್ನನ್ನು ದಾಟಿ ಟೆಂಪೋದ ಹತ್ತಿರ ಹೋಗಿ ಹೋತದ ಹಣೆಗೆ ಕುಂಕುಮ ಹಚ್ಚಿದರು, ಆರತಿ ಎತ್ತಿದರು, "ಸರದಾರ ಬಂದ ನೋಡ" ಎಂದು ಅದರ ಕೊರಳು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಚೀಸ್ ಮಾಡಾಕ ಬಂದಾಕಿ ನೀವೇನ್ರಿ? ಬರ್ರಿ, ಕೈಕಾಲ ತೊಳ್ಕೋರಿ" ಎಂದರು.

ಅವರೇ ನೀಲವ್ವ. ತೋಟ ಅವರದು, ಚೀಸಿನ ಯೋಜನೆ ಅವರ ತಮ್ಮ ಚನ್ನಬಸಪ್ಪನವರದು. ಚನ್ನಬಸಪ್ಪನವರಿಗೆ ಬೈಲಹೊಂಗಲದಲ್ಲಿ ಹತ್ತಿಯ ಅಡತಿ ಅಂಗಡಿ, ಅಂದರೆ ದಲಾಲಿ ವ್ಯಾಪಾರ. ಒಮ್ಮೆ ಗೋವಾಕ್ಕೆ ಹೋಗಿದ್ದಾಗ ವಿದೇಶಿ ಹೆಂಗಸೊಬ್ಬಳ ಹೋಟೆಲಿನಲ್ಲಿ ಆಡಿನ ಹಾಲಿನ ಚೀಸ್ ತಿಂದಿದ್ದರಂತೆ. ಅವಳು ಅದನ್ನು ತನ್ನ ದೇಶದಿಂದ ತರಿಸುತ್ತಿದ್ದಳು. ಜಾಲಿಗಿಡವೂ ಆಡೂ ಬೇಕಾದಷ್ಟಿರುವ ನಮ್ಮ ಸೀಮೆಯಲ್ಲಿ ಇದನ್ನು ಯಾಕೆ ಮಾಡಬಾರದು ಎಂದು ಇವರಿಗೆ ಅನ್ನಿಸಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಹಾಲಿನ ತಂತ್ರಜ್ಞಾನ ಓದಿ, ಮಂಗಳೂರಿನಲ್ಲಿ ಹಾಲಿನ ಪ್ಯಾಕೆಟ್ಟು ಎಣಿಸಿ ಬೇಸತ್ತಿದ್ದ ವಾರಿಜಾ ಎಂಬ ನಾನು ಅರ್ಜಿ ಹಾಕಿದೆ. ಇದು ತೊಂಬತ್ತರ ದಶಕದ ಕೊನೆಯ ಮಾತು.

ಮನೆ ಹುಡುಕಿದ ಕಥೆಯನ್ನು ನಮ್ಮ ಕಡೆಯವರಿಗೆ ಹೇಳಲೇಬೇಕು. ನಮ್ಮಲ್ಲಿ ಬಾಡಿಗೆಗೆ ಮನೆ ಕೇಳಿದರೆ ಮೊದಲು ಎಷ್ಟು ಜನ ಎನ್ನುತ್ತಾರೆ. ಬೈಲಹೊಂಗಲದಲ್ಲಿ ಕುಡಿಯಲು ನೀರು ಕೊಟ್ಟು, ಚಹಾ ಕೊಟ್ಟು, ಊಟಕ್ಕೇಳಿ ಎಂದು ಒತ್ತಾಯ ಮಾಡಿ, ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳುತ್ತಿದ್ದರು: "ನೀವು ತಿನ್ನೋ ಮಂದಿ ಏನ್ರಿ?" ತಿನ್ನದ ಮಂದಿ ಎಲ್ಲಿದ್ದಾರೆ ಎಂದು ಮೊದಲ ಸಲ ನಕ್ಕಿದ್ದೆ. ತಿನ್ನುವುದೆಂದರೆ ಮಾಂಸ, ಮೀನು. ನಾನು ಸಮುದ್ರದ ದಂಡೆಯವಳು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದೆ. ಪ್ರೀತಿ ಕಡಿಮೆಯಾಗಲಿಲ್ಲ, ಇನ್ನೊಂದು ಕಪ್ಪು ಚಹಾ ಬಂತು. ಖೋಲಿ ಮಾತ್ರ ಸಿಗಲಿಲ್ಲ. ಖೋಲಿ ಎಂದರೆ ಇಲ್ಲಿ ಕೋಣೆ. ಊರೆಲ್ಲ ಚಹಾ ಕುಡಿದಾದ ಮೇಲೆ ನೀಲವ್ವನೇ ತೋಟದ ಮನೆಯ ಹೊರಗಿನ ಖೋಲಿ ಕೊಟ್ಟರು. "ನಿಮ್ಮೂರಿಗೆ ಹೋದಾಗ ಏನರೆ ತಿನ್ರಿ. ಇಲ್ಲಿ ಮಾತ್ರ ಆಗಂಗಿಲ್ಲ" ಎಂದರು. ಒಪ್ಪಿದೆ. ಒಪ್ಪದೆ ಟೆಂಪೋದಲ್ಲಿ ಮಲಗಲು ಆಗುತ್ತಿತ್ತೇ?

ಜೋಳದ ರೊಟ್ಟಿ ಮೊದಲ ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಕುಚ್ಚಲಕ್ಕಿ ಗಂಜಿ ತಾನಾಗಿ ಜಾರಿ ಹೋಗುತ್ತದೆ. ರೊಟ್ಟಿ ಹಾಗಲ್ಲ, ಅದರೊಡನೆ ಕಾದಾಡಬೇಕು. ಪುಂಡಿಪಲ್ಯದ ಹುಳಿಯೂ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಖಾರವೂ ನಾಲಿಗೆಗೆ ಹತ್ತಿದ ಮೇಲೆ ಕಾದಾಟ ನಿಂತಿತು. ಆದರೆ ನನ್ನ ಕೈಯ ರೊಟ್ಟಿ ಇವತ್ತಿಗೂ ದುಂಡಗಾಗುವುದಿಲ್ಲ. ನೀಲವ್ವ ಅದನ್ನು ಎತ್ತಿ ಹಿಡಿದು, "ಇದು ಯಾವ ದೇಶದ ನಕಾಶಿರಿ?" ಎಂದು ಕೇಳುತ್ತಾರೆ.

ಭಾಷೆಯದು ಇನ್ನೊಂದು ಪಾಡು. ಎರಡೂ ಕಡೆ ಕನ್ನಡವೇ ಎಂದು ಧೈರ್ಯವಾಗಿ ಹೊರಟವಳು ನಾನು. ಪಗಾರ ಎಂದರೆ ಸಂಬಳ, ಬ್ಯಾನಿ ಎಂದರೆ ನೋವು, ತ್ರಾಸ ಎಂದರೆ ನನ್ನ ದಿನಚರಿ. "ನೀವು ಬರೆದದ್ದನ್ನ ಓದಿದಂಗ ಮಾತಾಡ್ತೀರಿ" ಎಂದು ಹಾಲು ಹಿಂಡುವ ಹೆಂಗಸರು ನಗುತ್ತಿದ್ದರು. ನನ್ನನ್ನು ಬಾಯಾರ ಎಂದು ಕರೆಯುತ್ತಿದ್ದರು. ಅದು ಟೀಚರಮ್ಮನವರಿಗೆ ಕೊಡುವ ಗೌರವ. ಗೌರವಕ್ಕೇನೂ ಕೊರತೆ ಇರಲಿಲ್ಲ. ಹೇಳಿದ ಮಾತು ಕೇಳುವುದು ಮಾತ್ರ ಗೌರವದೊಳಗೆ ಸೇರಿರಲಿಲ್ಲ. ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ ಎಂದರೆ "ಹೌದ್ರಿ ಬಾಯಾರ" ಎಂದು ತಣ್ಣೀರಿನಲ್ಲಿ ತೊಳೆಯುತ್ತಿದ್ದರು.

ಚೀಸ್ ಎಂದರೇನು ಎಂದು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಬಿಸಿ ಮಾಡಿದ ಹಾಲಿಗೆ ರೆನೆಟ್ ಎಂಬ ಕಿಣ್ವ ಹಾಕಿ ಗಟ್ಟಿಮಾಡಿ, ನೀರು ಬಸಿದು, ಉಪ್ಪು ಹಾಕಿ ಇಡುವುದು ಎಂದು ವಿವರಿಸಿದೆ. ನೀಲವ್ವ ಗಲ್ಲಕ್ಕೆ ಕೈ ಹಚ್ಚಿ ಕೂತು ಕೇಳಿದರು.

"ಅಂದ್ರ ಹಾಲ ಒಡಸೂದು."

"ಒಡೆಯುವುದಲ್ಲ, ಗಟ್ಟಿಯಾಗುವುದು. ಗಿಣ್ಣದ ಹಾಗೆ."

"ಗಿಣ್ಣ ಈದ ಆಡಿನ ಹಾಲಿಲೆ ತಾನಽ ಆಗತೈತಿ. ಇದಕ್ಕೇನ್ ಹಾಕ್ತೀರಿ ಅಂದ್ರಿ?"

ಅಲ್ಲಿ ನಾನು ಸಿಕ್ಕಿಬಿದ್ದೆ. ಹಳೆಯ ಪದ್ಧತಿಯ ರೆನೆಟ್ ಎಳೆಗರುವಿನ ಹೊಟ್ಟೆಯಿಂದ ಬರುತ್ತದೆ. ಅದನ್ನು ಈ ಮನೆಯ ಹೊಸ್ತಿಲು ದಾಟಿಸುವಂತಿಲ್ಲ. ಮುಂಬೈಯಿಂದ ಬೂಷ್ಟಿನಿಂದ ತಯಾರಿಸಿದ ರೆನೆಟ್ ತರಿಸಿದೆ. ಶೀಶೆಯ ಮೇಲೆ ವೆಜಿಟೇರಿಯನ್ ಎಂದು ಬರೆದದ್ದನ್ನು ತೋರಿಸಿದೆ. "ಬೂಷ್ಟ ಹಿಡದದ್ದನ್ನ ಛಲೋ ಹಾಲಿಗೆ ಹಾಕ್ತೀರಿ?" ಎಂದು ಅವರು ಮುಖ ಸಿಂಡರಿಸಿದರು. ಕರುವಿಗಿಂತ ಬೂಷ್ಟು ವಾಸಿ ಎಂದು ಒಪ್ಪಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು.

ಆದರೂ ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಗ ಹಿಂಡುತ್ತಿದ್ದುದು ಸವದತ್ತಿ, ರಾಮದುರ್ಗದ ಕಡೆಯಿಂದ ಕೊಂಡು ತಂದ ನಾಡ ಆಡುಗಳನ್ನು. ಕರಿಯವು, ಕಂದು ಬಣ್ಣದವು, ತಂಬಿಗೆ ತುಂಬುವಷ್ಟು ಹಾಲು ಕೊಡಲು ಸಹ ಜಗ್ಗಾಡುವಂಥವು. ಆದರೆ ಆ ಹಾಲು ಹೆಪ್ಪುಗಟ್ಟಿದರೆ ಚಾಕುವಿನಿಂದ ಕತ್ತರಿಸಬೇಕು. ದುಂಡನೆಯ ಬಿಳಿ ಬಿಲ್ಲೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕಿತ್ತೂರಿನ ಹೆದ್ದಾರಿಗೆ ಒಯ್ದು ಗೋವಾಕ್ಕೆ ಹೋಗುವ ತರಕಾರಿ ಗಾಡಿಗೆ ಹಾಕುತ್ತಿದ್ದೆವು. ಕಬ್ಬಿನ ಹಂಗಾಮಿನಲ್ಲಿ ಅದೂ ಸುಲಭವಿರಲಿಲ್ಲ. ಎಂ.ಕೆ. ಹುಬ್ಬಳ್ಳಿ ಸುತ್ತ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತರೆ ಮಂಜುಗಡ್ಡೆ ನೀರಾಗುವವರೆಗೆ ಯಾರೂ ಕದಲುತ್ತಿರಲಿಲ್ಲ. ನಾನು ಟೆಂಪೋದಿಂದ ಇಳಿದು ಬಯ್ಯುತ್ತಿದ್ದೆ. ಟ್ರ್ಯಾಕ್ಟರಿನವರು, "ಕಬ್ಬ ತಗೋರಿ ಬಾಯಾರ, ತಿನ್ಕೋತ ಕುಂಡ್ರಿ" ಎಂದು ಒಂದು ತುಂಡು ಮುರಿದು ಕೊಡುತ್ತಿದ್ದರು.

ಆಮೇಲೆ ಸರದಾರನ ಹೆಣ್ಣುಮಕ್ಕಳು ಈದವು.

ಎಲ್ಲವೂ ಬಿಳಿ, ಎಲ್ಲವೂ ಎತ್ತರ, ಕೆಚ್ಚಲು ಬಿಂದಿಗೆಯ ಹಾಗೆ. ಹಾಲು ಒಂದಕ್ಕೆ ಎರಡಾಯಿತು. ಚನ್ನಬಸಪ್ಪನವರು ಪೇಟೆಯಿಂದ ಜನರನ್ನು ಕರೆತಂದು ತೋರಿಸುತ್ತಿದ್ದರು. ನೀಲವ್ವ ಸರದಾರನಿಗೆ ದಿನಾ ಬೆಲ್ಲ ತಿನ್ನಿಸುತ್ತಿದ್ದರು. ಚೀಸ್ ಕೋಣೆಯಲ್ಲಿ ಮಾತ್ರ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಹೆಪ್ಪು ಮೆದುವಾಗಿತ್ತು. ಕತ್ತರಿಸಿದರೆ ಅಂಚು ನಿಲ್ಲುತ್ತಿರಲಿಲ್ಲ, ಬಸಿಯುವ ಬಟ್ಟೆಯಿಂದ ಹಾಲಿನ ಸತ್ವವೆಲ್ಲ ನೀರಿನೊಡನೆ ಹರಿದುಹೋಗುತ್ತಿತ್ತು. ಅಷ್ಟರಲ್ಲಿ ಸರದಾರ ಎರಡು ಸಲ ಬೇಲಿ ಮುರಿದು ತನ್ನ ಹೆಣ್ಣುಮಕ್ಕಳ ಮೇಲೆಯೇ ಹಾರಿದ. ನಾನು ಕೂಗಾಡಿದೆ. "ಆತ್ ಬಿಡ್ರಿ, ಛಲೋ ತಳೀನೇ ಬರತೈತಿ" ಎಂದರು ನೀಲವ್ವ. ಹಾಗೆ ಹುಟ್ಟಿದ ಮೊಮ್ಮಕ್ಕಳು ದೊಡ್ಡವಾಗಿ ಈದಾಗ ಹಾಲು ಗಂಜಿಯಾಯಿತು. ಗಟ್ಟಿಯಾಗಲೇ ಇಲ್ಲ. ವಾಸನೆಯೂ ಏರಿತ್ತು. ನಮ್ಮ ಚೀಸ್ ಕೊಳ್ಳುತ್ತಿದ್ದ ಗೋವಾದ ಹೋಟೆಲಿನ ಹೆಂಗಸು ಡಬ್ಬಿಯನ್ನು ಅದೇ ಗಾಡಿಯಲ್ಲಿ ವಾಪಸು ಕಳಿಸಿದಳು. ಹೀಗೇ ಆದರೆ ಇನ್ನು ಬೇಡ ಎಂದು ಫೋನಿನಲ್ಲಿ ಹೇಳಿದಳು.

ಆ ದಿನಗಳ ಸಿಟ್ಟು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಚನ್ನಬಸಪ್ಪನವರು ಬಂದು, "ಹಾಲ ಎರಡು ಪಟ್ಟ ಆಗೈತಿ, ಚೀಸ್ ಅರ್ಧ ಆಗೈತಿ. ನಡುವ ಏನ್ ಮಾಡಾಕ ಹತ್ತೀರಿ ಬಾಯಾರ?" ಎಂದರು. ಒಬ್ಬರು ಬಾವಿಯ ನೀರು ಸವುಳು ಎಂದರು. ಇನ್ನೊಬ್ಬರು ಪೇಟೆಯವರ ಕಣ್ಣು ತಾಗಿದೆ ಎಂದು ಕೆಚ್ಚಲಿಗೆ ಮೆಣಸಿನಕಾಯಿ ನಿವಾಳಿಸಿದರು. ನಾನು ರೆನೆಟ್ ಬದಲಿಸಿದೆ, ಉಷ್ಣತೆ ಬದಲಿಸಿದೆ, ಪಾತ್ರೆ ಬದಲಿಸಿದೆ. ಒಂದು ಮಧ್ಯಾಹ್ನ ಹಾಲು ಹಿಂಡುವ ಹೆಂಗಸರ ಮಾತು ಕಿಟಕಿಯಿಂದ ಕೇಳಿಸಿತು. ನಾನು ಊರಿಗೆ ಹೋಗಿ ಮೀನು ತಿಂದು ಬಂದು ಹಾಲು ಮುಟ್ಟುತ್ತೇನೆ, ಅದಕ್ಕೇ ಹಾಲು ಕೂಡುತ್ತಿಲ್ಲವಂತೆ. ಮರುದಿನ ನೀಲವ್ವ ನನ್ನ ಮುಖ ನೋಡದೆ, "ತಲಿ ಮ್ಯಾಲ ನೀರ ಹಾಕ್ಕೊಂಡ ಹಾಲ ಮುಟ್ರಿ, ಆತ?" ಎಂದರು. ಅವತ್ತು ಟ್ರಂಕು ತೆಗೆದು ಬಟ್ಟೆ ತುಂಬಿದೆ. ತುಂಬಿ ಆದ ಮೇಲೆ, ತಪ್ಪು ಯಾರದೆಂದು ಗೊತ್ತಾಗದೆ ಹೋದರೆ ಮೀನಿನ ಮೇಲಿನ ಅಪವಾದ ಹಾಗೇ ಉಳಿಯುತ್ತದಲ್ಲ ಎಂದು ಹೊಳೆಯಿತು. ಬಟ್ಟೆ ಹೊರಗೆ ತೆಗೆದೆ.

ಮರುದಿನ ಬೆಳಿಗ್ಗೆ ಪ್ರತಿ ಆಡಿನ ಹಾಲನ್ನೂ ಬೇರೆ ಬೇರೆ ಸ್ಟೀಲ್ ಲೋಟದಲ್ಲಿ ಹಿಂಡಿಸಿದೆ. ಕಟ್ಟೆಯ ಮೇಲೆ ಲೋಟಗಳನ್ನು ಸಾಲಾಗಿಟ್ಟು, ಎದುರಿಗೆ ಸೀಮೆಸುಣ್ಣದಿಂದ ಆಡಿನ ಹೆಸರು ಬರೆದು, ಎಲ್ಲಕ್ಕೂ ಒಂದೇ ಅಳತೆಯ ರೆನೆಟ್ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಒಂದೊಂದರಲ್ಲೂ ಚಮಚ ನಿಲ್ಲಿಸಿದೆ. ನಾಡ ಆಡುಗಳ ಲೋಟಗಳಲ್ಲಿ ಚಮಚ ನೆಟ್ಟಗೆ ನಿಂತಿತು. ಸರದಾರನ ಹೆಣ್ಣುಮಕ್ಕಳ ಲೋಟಗಳಲ್ಲಿ ಮೆಲ್ಲಗೆ ಓರೆಯಾಯಿತು. ಸರದಾರನ ಮಗಳಿಗೆ ಸರದಾರನಿಂದಲೇ ಹುಟ್ಟಿದವುಗಳಲ್ಲಿ ಕೆಲವುಗಳ ಲೋಟಗಳಲ್ಲಿ ಟಣ್ ಎಂದು ಅಂಚಿಗೆ ಬಿತ್ತು. ನೀರು ಅದೇ, ಕೈ ಅದೇ, ಆ ಕೈ ತಿಂದ ಮೀನೂ ಅದೇ.

ಓದಿದ್ದು ನೆನಪಾಯಿತು. ಹಾಲನ್ನು ಗಟ್ಟಿಯಾಗಿಸುವುದು ಕೇಸಿನ್ ಎಂಬ ಪ್ರೋಟೀನು. ಅದರಲ್ಲಿ ಕೆಲವು ಬಗೆ. ಆಡುಗಳಲ್ಲಿ ಒಂದು ಬಗೆಯ ಕೇಸಿನ್ ಎಷ್ಟು ತಯಾರಾಗಬೇಕೆಂಬುದು ಹುಟ್ಟಿನಿಂದಲೇ ಬರೆದಿರುತ್ತದೆ. ತಾಯಿಯಿಂದ ಒಂದು ವಂಶವಾಹಿ, ತಂದೆಯಿಂದ ಒಂದು. ಕೆಲವು ಬಲವಾದವು, ಧಾರಾಳವಾಗಿ ಕೇಸಿನ್ ಮಾಡುತ್ತವೆ. ಕೆಲವು ದುರ್ಬಲ, ಅಷ್ಟಿಷ್ಟು ಮಾಡಿ ಕೈಚೆಲ್ಲುತ್ತವೆ. ಹೆಚ್ಚು ಹಾಲಿನ ಕೆಲವು ವಿದೇಶಿ ತಳಿಗಳಲ್ಲಿ ಈ ದುರ್ಬಲವಾದದ್ದು ಸಾಮಾನ್ಯ. ಬಿಂದಿಗೆ ತುಂಬುತ್ತದೆ, ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಸರದಾರನ ಮೈಯಲ್ಲಿದ್ದುದು ಬಹುಪಾಲು ಅಂಥ ವಿದೇಶಿ ತಳಿಯ ರಕ್ತ.

ಇದನ್ನು ನೀಲವ್ವನಿಗೆ ಹೇಳಿದೆ. ಅವರು ಲೋಟಗಳನ್ನೂ ನನ್ನನ್ನೂ ನೋಡಿದರು.

"ಹೋತ ಹಾಲ ಕೊಡತೈತೇನ್ರಿ?"

"ಇಲ್ಲ."

"ಕೊಡಲಾರದ ಹಾಲಿನ ದೋಷ ಅದರ ಮ್ಯಾಲ ಹ್ಯಾಂಗ ಹಾಕ್ತೀರಿ?"

ಒಂದು ಗಂಟೆ ವಿವರಿಸಿದೆ. ನಿಮ್ಮ ಮೂಗು ನಿಮ್ಮ ಅಪ್ಪನದ್ದಲ್ಲವೇ ಎಂದೆ. "ಅಪ್ಪನ ಮೂಗ ಕಾಣ್ತಿತ್ತು. ಇದರ ಹಾಲ ಎಲ್ಲೆ ಕಾಣತೈತಿ?" ಎಂದರು. ಅಷ್ಟಕ್ಕೆ ನನ್ನ ಓದು ಮುಗಿಯಿತು.

ಉತ್ತರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ಸಹಪಾಠಿಯೊಬ್ಬಳಿದ್ದಳು. ಆಗಷ್ಟೇ ಅಲ್ಲಿ ರಕ್ತದಿಂದ ಇಂಥ ವಂಶವಾಹಿ ಗುರುತಿಸುವ ಕೆಲಸ ನಡೆದಿತ್ತು. ರಕ್ತ ಕಳಿಸು, ನೋಡಿ ಹೇಳುತ್ತೇನೆ ಎಂದಳು. ಸವದತ್ತಿಯಿಂದ ಪಶುವೈದ್ಯರು ಬಂದರು. ಸರದಾರನ ಕೊರಳಿಗೆ ಸೂಜಿ ಚುಚ್ಚುವಾಗ ನೀಲವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೊದಲ ಸಲ ಕಳಿಸಿದ ಥರ್ಮಾಸು ಕೊಲ್ಹಾಪುರದ ಆಚೆ ಎಲ್ಲೋ ಗೋದಾಮಿನಲ್ಲಿ ಬಿದ್ದು ಒಂದು ವಾರದ ಮೇಲೆ ತಿರುಗಿ ನನಗೇ ಬಂತು. ಮುಚ್ಚಳ ತೆಗೆದ ಕೂಡಲೇ ಹೊರಗೆ ಓಡಿದೆ. ಎರಡನೆಯ ಸಲ ಬೆಳಗಾವಿಗೆ ನಾನೇ ಹೋಗಿ ರೈಲಿನಲ್ಲಿ ಹೊರಟಿದ್ದ ಪರಿಚಯದವರ ಕೈಗೆ ಕೊಟ್ಟು, ಪ್ರತಿ ನಿಲ್ದಾಣದಲ್ಲೂ ಮಂಜುಗಡ್ಡೆ ಕೇಳಿ ಹಾಕಿಸಿ ಎಂದು ಕಾಡಿ ಬೇಡಿದೆ. ಅವರು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಫಲಿತಾಂಶ ಬಂತು. ಸರದಾರನ ಎರಡೂ ವಂಶವಾಹಿಗಳು ದುರ್ಬಲ. ಅವನ ಪ್ರತಿ ಮಗಳಿಗೂ ಒಂದು ದುರ್ಬಲ ಪಾಲು ಖಂಡಿತ. ತಾಯಿಯ ಕಡೆಯ ಬಲವಾದ ಪಾಲಿನಿಂದ ಅವು ಹೇಗೋ ನಡೆದಿದ್ದವು. ಮಗಳ ಮೇಲೂ ಅವನೇ ಹಾರಿದಾಗ ಹುಟ್ಟಿದವುಗಳಲ್ಲಿ ಕೆಲವಕ್ಕೆ ಎರಡೂ ಕಡೆಯಿಂದ ದುರ್ಬಲವೇ ಬಂದಿತ್ತು. ನಾಡ ಆಡುಗಳಲ್ಲಿ ಹೆಚ್ಚಿನವು ಎರಡೂ ಬಲವಾದವು. ಇದಕ್ಕಿಂತ ಸ್ಪಷ್ಟ ಉತ್ತರ ಜಗತ್ತಿನಲ್ಲಿ ಯಾವ ಪ್ರಶ್ನೆಗೂ ಸಿಕ್ಕಿರಲಿಕ್ಕಿಲ್ಲ. ಓದಿ ಹೇಳಿದೆ. ಚನ್ನಬಸಪ್ಪನವರು ವ್ಯಾಪಾರಿ, ಒಂದೇ ಮಾತಿಗೆ ಬಂದರು. "ಹಂಗಾದ್ರ ಹೋತ ಮಾರೂಣು."

ನೀಲವ್ವ ಎದ್ದು ನಿಂತರು. "ಸರದಾರನ್ನ ಕೊಂಡಾವ ಎಲ್ಲಿಗೆ ಒಯ್ತಾನ ಅಂತ ನನಗ ಗೊತ್ತೈತಿ. ಕಟಗರ ಕೈಯಾಗ ಕೊಡೂ ಪಾಪ ನಮ್ಮ ಮನ್ಯಾಗ ನಡೆಯಂಗಿಲ್ಲ." ಆಮೇಲೆ ನನ್ನ ಕಡೆ ನೋಡಿ, "ತಿನ್ನಾವ್ರಿಗೆ ಇದು ತಿಳಿಯಂಗಿಲ್ಲ" ಎಂದರು.

ಆ ಕೊನೆಯ ಮಾತು ಬೇಕಿರಲಿಲ್ಲ. ನಾನು ತೋಟದಲ್ಲಿದ್ದಷ್ಟು ದಿನವೂ ಮೀನಿನ ವಾಸನೆ ನೋಡದೆ, ಆ ಮನೆಯ ಹೊಸ್ತಿಲಿನ ಮರ್ಯಾದೆ ಕಾಯ್ದವಳು. ಆ ಮನೆಯಲ್ಲಿ ಹುಟ್ಟಿದ ಗಂಡುಮರಿಗಳನ್ನು ಯರಗಟ್ಟಿಯ ವ್ಯಾಪಾರಿಯೊಬ್ಬ ಪ್ರತಿ ವರ್ಷ ಬಂದು ತುಂಬಿಕೊಂಡು ಹೋಗುತ್ತಿದ್ದ. "ಸಾಕಾಕ ಒಯ್ತಾನ" ಎಂದು ಎಲ್ಲರೂ ಹೇಳುತ್ತಿದ್ದರು. ಹಾಲಿಗೆ ಆಡು ಸಾಕಿದ ಮೇಲೆ ಗಂಡುಮರಿ ಹುಟ್ಟದೆ ಇರುತ್ತದೆಯೇ? ಹುಟ್ಟಿದ್ದು ಎಲ್ಲಿಗೋ ಹೋಗಲೇಬೇಕಲ್ಲ.

"ನೀಲವ್ವಾರೇ," ಎಂದೆ, "ಯರಗಟ್ಟಿಯವನು ಅಷ್ಟೊಂದು ಗಂಡುಮರಿಗಳನ್ನು ಕಟ್ಟಿಕೊಂಡು ಏನು ಮಾಡ್ತಾನೆ? ಶಾಲೆ ನಡೆಸ್ತಾನಾ? ನಾನು ಊರಲ್ಲಿ ತಿಂದ ಮೀನು ಇಲ್ಲಿ ನಿಮ್ಮ ಹಾಲಿನಲ್ಲಿ ಕಾಣಿಸ್ತದೆ. ನಿಮ್ಮ ಅಂಗಳದಿಂದ ಹೋದ ಮರಿಗಳು ಎಲ್ಲಿ ಹೋದವು ಅಂತ ಯಾರಿಗೂ ಕಾಣಿಸುವುದಿಲ್ಲ. ನಾನು ತಿಂದದ್ದನ್ನು ತಿಂದೆ ಅಂತ ಹೇಳ್ತೇನೆ. ಅಷ್ಟೇ ವ್ಯತ್ಯಾಸ."

ಚನ್ನಬಸಪ್ಪನವರು ಟೋಪಿ ತೆಗೆದುಕೊಂಡು ಪೇಟೆಗೆ ಹೊರಟೇಬಿಟ್ಟರು. ನೀಲವ್ವ ಸೆರಗು ಸಿಕ್ಕಿಸಿಕೊಂಡು ದೊಡ್ಡಿಯ ಕಡೆ ನಡೆದರು. ಅವತ್ತಿನಿಂದ ನನ್ನೊಡನೆ ಮಾತು ನಿಂತಿತು. ರೊಟ್ಟಿ, ಪಲ್ಯ ಹೊತ್ತಿಗೆ ಸರಿಯಾಗಿ ಖೋಲಿಯ ಕಿಟಕಿಯಲ್ಲಿ ಬಂದು ಕೂರುತ್ತಿತ್ತು, ಇಟ್ಟ ಕೈ ಮಾತ್ರ ಕಾಣುತ್ತಿತ್ತು. ನಮ್ಮೂರಲ್ಲಿ ಜಗಳವಾದರೆ ಊಟವೂ ನಿಲ್ಲುತ್ತದೆ, ಮನಸ್ಸಿಗೆ ಸಮಾಧಾನವಾಗಿ ಸಿಟ್ಟು ಮಾಡಬಹುದು. ಇವರು ಸಿಟ್ಟಿನಲ್ಲೂ ತುಪ್ಪ ಹಾಕುವವರು. ಅದನ್ನು ತಿನ್ನುತ್ತ ಬಯ್ಯುವುದು ಹೇಗೆ?

ಒಂದು ಬೆಳಿಗ್ಗೆ ಅವರು ಚೀಸ್ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಸವದತ್ತಿ ಡಾಕ್ಟರ್ನ ಕರಸ್ರಿ. ಸರದಾರನ ಬೀಜ ಒಡಸ್ರಿ. ಬ್ಯಾಲಿ ಮುರದ್ರೂ ಚಿಂತಿಲ್ಲದಂಗ ಆಗಲಿ. ಮೇಯ್ಕೋತ ಇಲ್ಲೇ ಇರಲಿ."

ಹೂಂ ಎಂದೆ. ಅವರು ಹೋಗಲಿಲ್ಲ.

"ಮರಿ ಎಲ್ಲೆ ಹೋಗ್ತಾವ ಅಂತ ನನಗ ಗೊತ್ತಿಲ್ಲಂತ ತಿಳದೀರೇನು? ಹೋದ ದಿನ ನಾ ಉಣ್ಣಂಗಿಲ್ಲ. ಯಾರಿಗೂ ಹೇಳಂಗಿಲ್ಲ. ನೀವು ಎಲ್ಲಾರ ಮುಂದ ಅಂದ್ರಿ. ಭಾಳ ಬ್ಯಾನಿ ಆತು."

"ನನಗೂ ಆಗಿತ್ತು," ಎಂದೆ. "ಮೀನಿನ ಮಾತಿಗೆ."

"ಆಗಿರಬೇಕು." ಕಟ್ಟೆಯ ಲೋಟವೊಂದನ್ನು ಸಾಲಿಗೆ ಸರಿಸಿ ಇಟ್ಟರು. "ನಿಮ್ಮ ಖೋಲ್ಯಾಗ ಏನ್ ಬೇಯಸ್ತೀರಿ ಇನ್ನ ನಾ ಕೇಳಂಗಿಲ್ಲ. ಬಾಗಲಾ ಹಾಕ್ಕೋರಿ."

ಇದು ನನ್ನ ದೊಡ್ಡ ಗೆಲುವು ಎಂದು ನೀವು ತಿಳಿಯಬಹುದು. ಬೈಲಹೊಂಗಲದ ಸುತ್ತ ನಮ್ಮಂಥವರಿಗೆ ಬೇಕಾದ ಮೀನು ಎಲ್ಲಿ ಸಿಗಬೇಕು? ಊರಿನಿಂದ ತಂದಿದ್ದ ಒಣ ಸಿಗಡಿಯನ್ನು ಬಾಗಿಲು ಹಾಕಿಕೊಂಡು ಹುರಿದೆ. ದೊಡ್ಡಿಯ ಆಡುಗಳೆಲ್ಲ ಒಟ್ಟಿಗೆ ಸೀನತೊಡಗಿದವು. ಒಳಮನೆಯಿಂದ ಒಂದು ಕೆಮ್ಮು ಕೇಳಿಸಿತು. ಕೊಟ್ಟ ಮಾತಿಗೆ ತಪ್ಪದೆ ಯಾರೂ ಏನೂ ಕೇಳಲಿಲ್ಲ. ಅರೆದ ಸಿಗಡಿ ಚಟ್ನಿಯನ್ನು ತಟ್ಟೆಯಲ್ಲೇ ಬಿಟ್ಟೆ. ಆಮೇಲೆ ಇಲ್ಲಿ ಸಿಗಡಿ ಹುರಿದಿಲ್ಲ.

ಹೊಸ ಹೋತಕ್ಕಾಗಿ ನೀಲವ್ವ ಮತ್ತು ನಾನು ರಾಮದುರ್ಗದ ಸುತ್ತಿನ ಹಳ್ಳಿಗಳನ್ನು ಸುತ್ತಿದೆವು. ಸುತ್ತಾಟದಲ್ಲಿ ಅವರಿಗೆ ಎಲ್ಲ ಊರಿನಲ್ಲೂ ನೆಂಟರು, ಎಲ್ಲ ನೆಂಟರ ಮನೆಯಲ್ಲೂ ಊಟ. ಹೋತ ನೋಡುವುದಕ್ಕಿಂತ ಉಂಡದ್ದೇ ಹೆಚ್ಚು. ಹೋತದ ಮೈಕಟ್ಟು ನೋಡುವುದು ಅವರ ಕೆಲಸ, ಅದರ ತಾಯಿಯ ಹಾಲನ್ನು ಲೋಟದಲ್ಲಿ ಹೆಪ್ಪು ಹಾಕಿ ಚಮಚ ನಿಲ್ಲಿಸುವುದು ನನ್ನ ಕೆಲಸ. ಜನ ಹುಚ್ಚರನ್ನು ನೋಡುವ ಹಾಗೆ ನೋಡಿದರು. ಕೊನೆಗೆ ಕರಿಯ, ಕುಳ್ಳ, ಒಂದು ಕಿವಿ ಹರಿದ ಹೋತವೊಂದು ಇಬ್ಬರಿಗೂ ಒಪ್ಪಿಗೆಯಾಯಿತು. ಅದರ ರಕ್ತವೂ ಉತ್ತರಕ್ಕೆ ಹೋಗಿ ಪಾಸಾಗಿ ಬಂತು. ನೀಲವ್ವ ಅದಕ್ಕೆ ಹೆಸರಿಡಲಿಲ್ಲ. "ಇನ್ನ ಹೆಸರ ಇಡಂಗಿಲ್ರಿ. ಹೆಸರ ಇಟ್ರ ತ್ರಾಸ ಆಗತೈತಿ" ಎಂದರು.

ಅದರ ಹೆಣ್ಣುಮರಿಗಳು ಈಯುವವರೆಗೆ ನಾಡ ಆಡುಗಳ ಹಾಲಿನಿಂದ ಹೇಗೋ ಚೀಸ್ ಕೋಣೆ ಉಸಿರಾಡಿತು. ಅವು ಈದಾಗ ಹೆಪ್ಪು ಮತ್ತೆ ಚಾಕುವಿಗೆ ಕತ್ತರಿಸಿ ನಿಂತಿತು. ಗೋವಾದ ಹೆಂಗಸು ತಿರುಗಿ ಕೊಳ್ಳತೊಡಗಿದಳು. ಆಮೇಲೆ ಹೋಟೆಲು ಮಾರಿ ತನ್ನ ದೇಶಕ್ಕೆ ಹೋದಳು, ಈಗ ನಮ್ಮ ಚೀಸ್ ಪುಣೆ ಕಡೆಯ ಅಂಗಡಿಗಳಿಗೆ ಹೋಗುತ್ತಿದೆ. ಚನ್ನಬಸಪ್ಪನವರು ಬಂದು ನೋಡಿ, "ಚೀಸ್ ಆತು ಬಿಡ್ರಿ. ಹಾಲ ಎಲ್ಲೆ ಹೋತು ಬಾಯಾರ?" ಎಂದು ಕೇಳಿದರು. ಎರಡನ್ನೂ ಒಂದೇ ಆಡಿನಲ್ಲಿ ತರಲು ಇನ್ನೂ ಹಲವು ತಲೆಮಾರು ಬೇಕು ಎಂದೆ. ಆಡಿನ ತಲೆಮಾರೋ ನಮ್ಮ ತಲೆಮಾರೋ ಎಂದು ಅವರು ಕೇಳಿದರು. ಸರದಾರ ಬೊಜ್ಜು ಬೆಳೆಸಿಕೊಂಡು, ಗಡ್ಡ ಉದುರಿ, ವಾಸನೆ ಹೋಗಿ, ಜಾಲಿಗಿಡದ ಕೆಳಗೆ ಕೆಲ ವರ್ಷ ಮೆಲುಕು ಹಾಕುತ್ತಿದ್ದು ಒಂದು ಚಳಿಗಾಲದಲ್ಲಿ ತಾನಾಗಿ ಸತ್ತ.

ಈ ಸಲ ತಂಗಿಯ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಚೀಸ್ ಒಯ್ದಿದ್ದೆ. ತಂಗಿ ಮೂಸಿ ನೋಡಿ ಕಿಟಕಿಯ ಹೊರಗಿಟ್ಟಳು. ಅಮ್ಮ ಬಂಗಡೆ ಸಾರು ಮಾಡಿದ್ದರು. ಎರಡು ತುತ್ತಿಗೇ ಸಾಕಾಯಿತು, ಅಷ್ಟೊಂದು ತೆಂಗಿನಕಾಯಿ ಎಂದೂ ಅನ್ನಿಸಿತು. ಸಾರು ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ "ಅಡ್ಡಿಯಿಲ್ರಿ" ಎಂದೆ. ನೆಂಟರೆಲ್ಲ ನಕ್ಕರು. ಘಟ್ಟದ ಮೇಲಿನವಳು ಬಂದಳು ಎಂದು ಮಕ್ಕಳು ನನ್ನ ಮಾತನ್ನು ಅಣಕಿಸಿ ಆಡಿದವು. ತೋಟದಲ್ಲಿ ಮಾತ್ರ ಇವತ್ತಿಗೂ ನಾನು ಸಮುದ್ರದ ಕಡೆಯಾಕಿ, ಬರೆದದ್ದನ್ನು ಓದುವಾಕಿ.

ಮದುವೆಯ ಮರುದಿನ ಮಧ್ಯಾಹ್ನ ಫೋನು ಬಂತು. ನೀಲವ್ವ. ಈಚೆಗೆ ಮೊಬೈಲು ಕೊಂಡಿದ್ದಾರೆ, ಆ ಊರಿನಿಂದ ಈ ಊರಿಗೆ ಬಾಯಿಂದಲೇ ಕೇಳಿಸಬೇಕು ಎಂಬಂತೆ ಕೂಗುತ್ತಾರೆ. ಹರಕುಗಿವಿಯ ಹೋತದ ಮೊಮ್ಮಗಳು ಈದಿದ್ದಾಳೆ, ಕೆಚ್ಚಲು ದೊಡ್ಡದಿದೆ, ಹಾಲು ಹೆಚ್ಚಿದೆ, ಗಟ್ಟಿಯೂ ಆಗುತ್ತದೋ ಏನೋ ನೋಡಬೇಕು, ಲೋಟ ಎಲ್ಲಿಟ್ಟಿದ್ದೀರಿ, ಮದುವೆ ಮುಗಿಯಿತಲ್ಲ, "ಯಾವಾಗ ಬರ್ತೀರಿ ಮನಿಗೆ?"

ನಾಳೆಯೇ ಹೊರಡುತ್ತೇನೆ, ನಾನು ಬರುವವರೆಗೆ ಯಾರೂ ಲೋಟ ಮುಟ್ಟಬೇಡಿ ಎಂದು ರೇಗಿ ಫೋನಿಟ್ಟೆ.

"ಯಾರ್ದ್ ಹೆಣೆ ಫೋನು?" ಎಂದು, ನನ್ನನ್ನು ಈಗಲೂ ಹೆಣೆ, ಅಂದರೆ ಹುಡುಗಿ, ಎಂದೇ ಕರೆಯುವ ಅಮ್ಮ ಕೇಳಿದರು.

"ಮನಿಯಿಂದ," ಎಂದೆ.

ಅಮ್ಮ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದರು. ನಮ್ಮ ಕುಂದಾಪುರದ ಮಾತಿನಲ್ಲೂ ಮನೆಗೆ ಮನಿ ಎಂದೇ ಅನ್ನುವುದು. ಬೇರೆ ಎಷ್ಟೋ ಮಾತು ಅಲ್ಲಿಗೂ ಇಲ್ಲಿಗೂ ಹೊಂದುವುದಿಲ್ಲ, ಈ ಒಂದು ಹೊಂದಿಬಿಡುತ್ತದೆ.

"ಹಂಗಾರ್ ಇದ್ ಯಾರ್ ಮನಿ?" ಎಂದರು ಅಮ್ಮ.

ಅವರ ಮೊರದಿಂದ ಒಂದು ಹಿಡಿ ಅಕ್ಕಿ ಎಳೆದುಕೊಂಡು ಕಲ್ಲು ಆರಿಸುತ್ತ ಪಕ್ಕದಲ್ಲಿ ಕೂತೆ.